ನಾರೇಯ ಕೈ ಇಲ್ಲದ ಆಲ್ಬಮ್

ಬುಸಾನಿನ ಯೊಂಗ್ದೋ ದ್ವೀಪದ ಹಡಗು ರಿಪೇರಿ ಕಟ್ಟೆಯಲ್ಲಿ ಪ್ಯೋ ನಾರೇಗೆ ಸಿಡುಕಿ ಎಂದೇ ಹೆಸರು. ತಪ್ಪೇನಿಲ್ಲ. ನಲವತ್ತೆರಡು ವರ್ಷ, ಮೊಣಕೈವರೆಗೆ ಕೆಂಪು ಬಣ್ಣ, ಬಾಯಿ ತೆರೆದರೆ ಮೇಸ್ತ್ರಿಯೂ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಹಗಲೆಲ್ಲ ಹಡಗಿನ ತಳಕ್ಕೆ ಬಣ್ಣ ಹೊಡೆಯುತ್ತಾಳೆ, ಸಂಜೆ 'ತುಕ್ಕು' ಎಂಬ ಮೂರು ಜನರ ರಾಕ್ ಬ್ಯಾಂಡಿನಲ್ಲಿ ಡ್ರಮ್ ಹೊಡೆಯುತ್ತಾಳೆ. ಕಾರಣವಿಲ್ಲದೆ ಅವಳು ಸಿಟ್ಟಾಗುವುದಿಲ್ಲ ಎಂಬುದು ಮಾತ್ರ ಯಾರಿಗೂ ನೆನಪಿರುವುದಿಲ್ಲ. ಈ ಸಲದ ಕಾರಣವಂತೂ ರಟ್ಟಿನ ಪೆಟ್ಟಿಗೆಯಲ್ಲಿ, ಅವಳ ಮನೆ ಬಾಗಿಲಿಗೇ ಬಂದಿತ್ತು.

ಅದನ್ನು ಹೇಳುವ ಮೊದಲು ಅವಳ ತಾಯಿ ಓಕ್‌ಬುನ್ ವಿಷಯ ಹೇಳಬೇಕು. ಓಕ್‌ಬುನ್ ಮೂವತ್ತು ವರ್ಷ ಇದೇ ಕಟ್ಟೆಯಲ್ಲಿ ಸುತ್ತಿಗೆ ಹಿಡಿದು ಹಡಗುಗಳ ತುಕ್ಕು ಉದುರಿಸಿದವಳು. ಹಗ್ಗದಿಂದ ಇಳಿಬಿಟ್ಟ ಹಲಗೆ, ಒಂದು ಹಲಗೆಗೆ ಇಬ್ಬರು ಹೆಂಗಸರು, ದಿನವಿಡೀ ಕಬ್ಬಿಣದ ಮೇಲೆ ಠಣ್ ಠಣ್. ಆ ಸದ್ದಿಗೇ ಅವಳ ಕಿವಿ ಹೋಯಿತು. ಆ ಹೆಂಗಸರಲ್ಲಿ ಒಂದು ರೀತಿ ಇತ್ತು. ಪಕ್ಕದವಳಿಗೆ ಏದುಸಿರು ಹತ್ತಿದರೆ ನಿನ್ನ ಕೈ ನಿಧಾನ ಮಾಡಬೇಕು. ಅವಳು ಸುತ್ತಿಗೆ ಎತ್ತುವವರೆಗೆ ನಿನ್ನದನ್ನು ಗಾಳಿಯಲ್ಲೇ ಹಿಡಿದಿರಬೇಕು. ಇಲ್ಲದಿದ್ದರೆ ಹಲಗೆ ಹೊಯ್ದಾಡುತ್ತದೆ. ಆದರೆ 'ನಿನಗೋಸ್ಕರ ಕಾದೆ' ಎಂದು ಬಾಯಿ ಬಿಡುವಂತಿಲ್ಲ. ಕೈಲಾಗದವಳು ಎಂದು ಹಳಿದಂತಾಗುತ್ತದೆ, ಆಮೇಲೆ ಅವಳು ನಿನ್ನ ಹಲಗೆ ಹತ್ತುವುದಿಲ್ಲ.

ಶಾಲೆ ಬಿಟ್ಟ ಮೇಲೆ ಆ ಹಲಗೆಗಳ ಕೆಳಗೇ ಆಡಿಕೊಂಡು ಬೆಳೆದ ನಾರೇಗೆ ಇದನ್ನು ಯಾರೂ ಕಲಿಸಬೇಕಾಗಲಿಲ್ಲ.

ಬ್ಯಾಂಡಿನ ಹಾಡುಗಾರ ಮೊ ಇಲ್ಹಾನ್ ಅದೇ ಓಣಿಯವನು, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು. ಚಿಕ್ಕಂದಿನಲ್ಲಿ ಕುಡಿದ ಕಟ್ಟೆಯ ಧೂಳು ಅವನ ಎದೆ ಬಿಟ್ಟು ಹೋಗಿರಲಿಲ್ಲ. ಉದ್ದನೆಯ ಸಾಲು ಬಂದರೆ ಕೊನೆಯ ಪದಕ್ಕೆ ಮುಂಚೆ ಎರಡು ಸಲ ಉಸಿರೆಳೆಯಬೇಕು. ಮೊದಲ ದಿನವೇ ನಾರೇ ಅವನ ಭುಜ ಏರುವುದನ್ನು ಕಂಡಳು. ನಾಲ್ಕನೇ ಏಟನ್ನು ತಡೆದಳು. ಅವನಿಗೆ ಉಸಿರು ಸಿಕ್ಕಿತು, ಪದ ಹೊರಗೆ ಬಂತು, ಏಟು ಬಿತ್ತು. ಹನ್ನೊಂದು ವರ್ಷ ಹೀಗೇ ನಡೆಯಿತು. ಅವಳು ಹೇಳಲಿಲ್ಲ, ಅವನಿಗೆ ತಿಳಿಯಲೂ ಇಲ್ಲ.

ಆರು ವರ್ಷದ ಹಿಂದೆ ಅವರ ಮೊದಲ ಆಲ್ಬಮ್ 'ಹಡಗಿನ ಹೊಟ್ಟೆ' ಬಂತು. ಖಾಲಿ ಬಣ್ಣದ ಗೋದಾಮಿನಲ್ಲಿ ನಾರೇ, ಇಲ್ಹಾನ್, ಬಾಸ್ ಗಿಟಾರಿನವ, ಮೂವರೂ ಎದುರುಬದುರಾಗಿ ಒಂದೇ ಉಸಿರಿಗೆ ನುಡಿಸಿದ್ದು. ರಾಜಧಾನಿ ಸಿಯೋಲ್ ನಗರದ ಪತ್ರಿಕೆಗಳು ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದವು. ಅವಳ ಡ್ರಮ್ಮಿನಲ್ಲಿ ಕುಂಟುನಡಿಗೆಯ ಚೆಲುವಿದೆಯಂತೆ, ದ್ವೀಪದ ಉಬ್ಬರವಿಳಿತ ಇದೆಯಂತೆ! ನಾರೇ ಅದನ್ನು ಊಟದ ಹೊತ್ತಲ್ಲಿ ಓದಿ, ಹಂದಿಸಾರು ಮೂಗಿಗೇರುವಷ್ಟು ನಕ್ಕಳು. ಬರೆಯುವವರಿಗೆ ಏನು, ಬರೆಯುತ್ತಾರೆ.

ಮುಂದಿನದು ಯಾವಾಗ, ಮುಂದಿನದು ಯಾವಾಗ ಎಂದು ಎಲ್ಲರೂ ಪೀಡಿಸಿದ್ದಕ್ಕೆ ಎರಡನೆಯ ಆಲ್ಬಮ್ 'ಹೊಳಪು' ಸಿಯೋಲ್ ನಗರದಲ್ಲೇ ತಯಾರಾಯಿತು. ಮಾಡಿಸಿದವನು ತಾಕ್ ಗುನ್‌ಹೋ, ದೊಡ್ಡ ಹೆಸರಿನ ನಿರ್ಮಾಪಕ. ನಾರೇ ನಾಲ್ಕು ದಿನ ರಜೆ ಹಾಕಿ ಹೋದಳು. ಮೆತ್ತೆ ಹೊಡೆದ ಕೋಣೆಯಲ್ಲಿ ಅವಳೊಬ್ಬಳೇ, ಕಿವಿಗೆ ಸಿಕ್ಕಿಸಿದ ಯಂತ್ರದಲ್ಲಿ ತಾಳ ಹೇಳುವ ಟಿಕ್ ಟಿಕ್. ಇಲ್ಹಾನ್ ಆಮೇಲೆ ಹಾಡುತ್ತಾನೆ ಎಂದರು. ಕಾಯಲು ಅಲ್ಲಿ ಯಾರೂ ಇರಲಿಲ್ಲ, ಆದ್ದರಿಂದ ಅವಳು ನೆಟ್ಟಗೆ ಹೊಡೆದು ಊರಿಗೆ ಬಂದಳು.

ಏಪ್ರಿಲಿನಲ್ಲಿ ಆ ರಟ್ಟಿನ ಪೆಟ್ಟಿಗೆ ಬಂತು, ಒಳಗೆ 'ಹೊಳಪು' ಆಲ್ಬಮ್ಮಿನ ಪ್ಲೇಟುಗಳು. ಓಕ್‌ಬುನ್ ಪ್ಲೇಟು ಹಾಕಿಸಿಕೊಂಡು ಸ್ಪೀಕರಿನ ಮೇಲೆ ಅಂಗೈ ಇಟ್ಟಳು. ಅವಳು ಮಗಳ ಡ್ರಮ್ ಕೇಳುವುದೇ ಹಾಗೆ. ಎರಡು ಹಾಡು ಮುಗಿಯುವ ಮೊದಲೇ ಹುಬ್ಬು ಗಂಟಿಕ್ಕಿತು.

"ಯಾರೇ ಇವನು?"

"ನಾನೇ, ಅಮ್ಮ," ನಾರೇ ತುಟಿ ಬಿಡಿಸಿ ಹೇಳಿದಳು.

"ಯಾರಿಗೆ ಕಿವಿ ಮೇಲೆ ಹೂವಿಡ್ತೀಯೆ? ಇವನು ಯಾರಿಗೂ ಕಾಯ್ತಿಲ್ಲ. ಸುಮ್ನೆ ತಡ ಮಾಡ್ತಿದಾನೆ, ಅಷ್ಟೆ."

ನಾರೇ ತಾನೂ ಕೂತು ಕೇಳಿದಳು. ನಾಲ್ಕನೇ ಏಟು ತಡ. ಮತ್ತೆ ತಡ. ಇಲ್ಹಾನ್ ಬಾಯಿ ಮುಚ್ಚಿಕೊಂಡಿರುವ ಕಡೆಯೂ ಅಷ್ಟೇ ತಡ, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ಹತ್ತು ಹಾಡಿನಲ್ಲಿ ಒಂದೇ ಒಂದು ಏಟು ಅವಳದಾಗಿರಲಿಲ್ಲ. ಪ್ಲೇಟಿನ ಹೊದಿಕೆಯ ಮೇಲೆ ಮಾತ್ರ ದಪ್ಪಕ್ಷರದಲ್ಲಿ 'ಡ್ರಮ್: ಪ್ಯೋ ನಾರೇ'. ಅವಳಿಗೆ ಅಂಗಾಲಿನಿಂದ ನೆತ್ತಿವರೆಗೆ ಉರಿದುಹೋಯಿತು.

ಬಿಡುಗಡೆಯ ಕಾರ್ಯಕ್ರಮ ಭಾನುವಾರ ಮಧ್ಯಾಹ್ನ, ಕಟ್ಟೆಯ ಪಕ್ಕದ ಹಳೆಯ ಮಂಜುಗಡ್ಡೆ ಕಾರ್ಖಾನೆಯಲ್ಲಿ. ಅವಳು ಎರಡು ಗಂಟೆ ಮೊದಲೇ ಹೋಗಿ ತಾಕ್ ಎದುರು ಪ್ಲೇಟನ್ನು ಕುಕ್ಕಿದಳು.

"ತಾಕ್ ಸಾರ್, ಇದ್ರಲ್ಲಿ ನಾನೆಲ್ಲಿದೀನಿ?"

"ಎಲ್ಲಾ ಕಡೆ ನೀವೇ ಇದೀರಲ್ಲ ಮೇಡಂ!" ಅವನು ನಗುತ್ತ ಲ್ಯಾಪ್‌ಟಾಪ್ ತಿರುಗಿಸಿದ. "ಹಳೇ ಆಲ್ಬಮ್ಮಿಂದ ನಿಮ್ಮ ಏಟುಗಳನ್ನೇ ಒಂದೊಂದಾಗಿ ಕತ್ತರಿಸಿ ಇಟ್ಟಿದೀವಿ. ನಿಮ್ಮ ಆ ತಡ ಇದೆಯಲ್ಲ, ಅದನ್ನ ಅಳೆದು ಎಲ್ಲಾ ಹಾಡಿಗೂ ಹಾಕಿದೀವಿ. ಜನಕ್ಕೆ ಬೇಕಾಗಿರೋದೇ ಅದು."

"ನಾಲ್ಕು ದಿನ ನಾನು ಹೊಡೆದದ್ದು?"

ತಾಕ್ ಇಲ್ಹಾನ್ ಕಡೆ ನೋಡಿದ. ಇಲ್ಹಾನ್ ಗಿಟಾರಿನ ತಂತಿ ಬಿಗಿಮಾಡುವವನಂತೆ ತಲೆ ತಗ್ಗಿಸಿದ.

"ಅಕ್ಕ, ಬೇಜಾರ್ ಮಾಡ್ಕೋಬೇಡ. ನಿನ್ನ ಕೈಯಲ್ಲಿ ಮೊದಲಿನ ಆ ಕುಂಟು ಹೋಗ್ಬಿಟ್ಟಿತ್ತು. ವಯಸ್ಸಾಯ್ತೇನೋ ಅಂತ... ನಿನಗೆ ಹೇಳಿದ್ರೆ ನೋವಾಗುತ್ತೆ ಅಂತ ನಾವೇ ಸರಿ ಮಾಡಿದ್ವಿ."

ಸರಿ ಮಾಡಿದರಂತೆ! ನಾರೇಯ ನಾಲಗೆಯ ತುದಿಗೆ ಹನ್ನೊಂದು ವರ್ಷದ ಮಾತು ಬಂತು. ಕುಂಟುತ್ತಿದ್ದದ್ದು ನನ್ನ ಕೈಯಲ್ಲ ಕಣೋ, ನಿನ್ನ ಎದೆ. ಆದರೆ ಹಲಗೆಯ ಮೇಲೆ ಕೂತವಳು ಅದನ್ನು ಹೇಳುವಂತಿಲ್ಲ.

"ವಯಸ್ಸಾಯ್ತಾ? ಆಯ್ತು ಬಿಡಪ್ಪ," ಎಂದಳು. "ಇವತ್ತು ನಿಮ್ಮ ಟಿಕ್ ಟಿಕ್ ಹೇಳಿದ ಹಾಗೇ ಹೊಡೀತೀನಿ."

ಮೂರು ಗಂಟೆಗೆ ಕಾರ್ಖಾನೆ ತುಂಬಿತು. ಓಕ್‌ಬುನ್ ಮುಂದಿನ ಸಾಲಿನಲ್ಲಿ ಕೂತು ವೇದಿಕೆಯ ಹಲಗೆಯ ಮೇಲೆ ಎರಡೂ ಅಂಗೈ ಊರಿದಳು. ಮೊದಲೆರಡು ಹಾಡು ಚಿಕ್ಕಚಿಕ್ಕ ಸಾಲಿನವು, ಹೇಗೋ ದಾಟಿದವು. ಮೂರನೆಯದೇ 'ಹೊಳಪು'. ಸ್ಟುಡಿಯೋದಲ್ಲಿ ಇಲ್ಹಾನ್ ಅದನ್ನು ತುಂಡು ತುಂಡಾಗಿ ಹಾಡಿದ್ದ, ತಾಕ್ ಹೊಲಿದಿದ್ದ. ಇಲ್ಲಿ ಹೊಲಿಯುವವರು ಯಾರು?

ಉದ್ದನೆಯ ಸಾಲು ಬಂತು. ಇಲ್ಹಾನನ ಭುಜ ಏರಿತು. ನಾರೇ ನೋಡಿದಳು. ಕಿವಿಯಲ್ಲಿ ಟಿಕ್ ಎಂದಿತು, ಅವಳು ಹೊಡೆದಳು. ಪದ ಅವನ ಬಾಯಲ್ಲೇ ಉಳಿಯಿತು. ಎರಡನೇ ಸಲ ಭುಜ ಏರಿತು, ಅವಳು ಮತ್ತೆ ಹೊಡೆದಳು, ಗೋಡೆಗೆ ಮೊಳೆ ಹೊಡೆದ ಹಾಗೆ. ಮೂರನೇ ಸಾಲಿಗೆ ಅವನು ಮೈಕಿನ ಕಂಬ ಹಿಡಿದು ಕೆಮ್ಮತೊಡಗಿದ. ಇದೂ ಹಾಡಿನ ಭಾಗವೇ ಇರಬೇಕೆಂದು ಹಿಂದಿನ ಸಾಲಿನವರು ಶಿಳ್ಳೆ ಹಾಕಿದರು. ನಾರೇ ನಿಲ್ಲಿಸಲಿಲ್ಲ. ಅವಳಿಗೆ ಸುಖವಾಗುತ್ತಿತ್ತು, ನಿಜ ಹೇಳಬೇಕೆಂದರೆ ತುಂಬ ಸುಖವಾಗುತ್ತಿತ್ತು.

ಆಗ ಓಕ್‌ಬುನ್ ವೇದಿಕೆಯಿಂದ ಅಂಗೈ ಕಿತ್ತುಕೊಂಡು ಎದ್ದು ನಿಂತಳು. ತನ್ನ ದನಿ ಎಷ್ಟು ಜೋರೆಂಬುದು ಕಿವುಡಿಗೆ ತಿಳಿಯಬೇಕಲ್ಲ.

"ಲೇ ನಾರೇ! ಪಕ್ಕದವನು ಉಸಿರು ಕಟ್ಟಿ ಒದ್ದಾಡ್ತಿದಾನೆ, ಕಣ್ಣು ಕಾಣಲ್ವಾ ನಿಂಗೆ? ಇಷ್ಟು ವರ್ಷ ಕಾದವಳಿಗೆ ಇವತ್ತೇನು ದೊಡ್ಡ ರೋಗ? ಕಾಯೇ!"

ನಾರೇಯ ಕೈ ನಿಂತಿತು. ಬಾಯಿಬಿಟ್ಟು ಹೇಳಬಾರದ್ದನ್ನು, ಆ ರೀತಿಯನ್ನು ಮೂವತ್ತು ವರ್ಷ ನಡೆಸಿದವಳೇ ಊರೆದುರು ಹೇಳಿಬಿಟ್ಟಿದ್ದಳು.

ಇಲ್ಹಾನ್ ನಿಧಾನವಾಗಿ ತಿರುಗಿದ. ಮೊದಲು ಓಕ್‌ಬುನ್‌ಳನ್ನು, ಆಮೇಲೆ ನಾರೇಯ ಕೈಯಲ್ಲಿದ್ದ ಕೋಲುಗಳನ್ನು ನೋಡಿದ. ಅವನ ಮುಖದ ಬಣ್ಣ ಇಳಿಯಿತು. ಡ್ರಮ್ಮಿನ ಹತ್ತಿರ ಬಂದು ಬಾಗಿದ.

"ಅಕ್ಕ... ಅಷ್ಟು ವರ್ಷನೂ? ನನಗೋಸ್ಕರಾನಾ?"

"ವಯಸ್ಸಾಯ್ತು ಅಂದ್ಯಲ್ಲೋ."

"ನನಗೆ ಗೊತ್ತೇ ಇರ್ಲಿಲ್ಲ."

"ಗೊತ್ತಿಲ್ದೆ ಇದ್ರೆ ಕೇಳ್ಬೇಕು. ನನ್ನ ಕೈ ಕತ್ತರಿಸಿ ಅಂಟಿಸೋಕೆ ಮುಂಚೆ ಒಂದು ಮಾತು ಕೇಳ್ಬೇಕಿತ್ತು." ಅವಳು ಕಿವಿಯಿಂದ ಟಿಕ್ ಟಿಕ್ ಕಿತ್ತು ನೆಲಕ್ಕೆಸೆದಳು. "ನನಗೆ ಸಮಾಧಾನ ಹೇಳೋಕೆ ಬರ್ಬೇಡ. ಹೋಗಿ ಮೈಕಲ್ಲಿ ಹೇಳು."

ಹಿಂದೆ ನಿಂತಿದ್ದ ತಾಕ್ ಬೇಡ ಬೇಡವೆಂದು ಕೈ ಆಡಿಸುತ್ತಿದ್ದ. ಇಲ್ಹಾನ್ ಮೈಕಿನ ಮುಂದೆ ಹೋಗಿ ನಿಂತ.

"ಈ ಆಲ್ಬಮ್ಮಿನಲ್ಲಿ ಡ್ರಮ್ ನುಡಿಸಿರೋದು ನಮ್ಮ ಅಕ್ಕ ಅಲ್ಲ," ಎಂದ. "ಅವಳ ಹೆಸರು ಹಾಕಿದ್ದು ಸುಳ್ಳು. ನಾನೇ ಒಪ್ಪಿ ಹಾಕಿಸಿದ್ದು. ಈಗ ನುಡಿಸ್ತಾಳೆ, ಕೇಳಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ಓಕ್‌ಬುನ್ ಕೂತು ಮತ್ತೆ ಅಂಗೈಗಳನ್ನು ಹಲಗೆಯ ಮೇಲಿಟ್ಟಳು.

'ಹೊಳಪು' ಮೊದಲಿನಿಂದ ಶುರುವಾಯಿತು. ಉದ್ದನೆಯ ಸಾಲು ಬಂದಾಗ ಇಲ್ಹಾನನ ಭುಜ ಏರಿತು, ಮತ್ತೊಮ್ಮೆ ಏರಿತು, ಗಾಬರಿಗೆ ಮೂರನೆಯ ಸಲವೂ ಏರಿತು. ನಾರೇಯ ಸಿಟ್ಟು ಒಂದು ಚೂರೂ ಇಳಿದಿರಲಿಲ್ಲ. ಅವನ ಬೆನ್ನನ್ನೇ ದುರುಗುಟ್ಟಿ ನೋಡುತ್ತ, ಕೋಲನ್ನು ಮೇಲೆತ್ತಿ ಹಿಡಿದು, ಅವನಿಗೆ ಉಸಿರು ಸಿಗುವವರೆಗೆ ಕಾದಳು.