ಕೆಂಪು ಕಲ್ಲಿಗೊಂದು ನಿಂಬೆಹಣ್ಣು

ಬೆಳಗಿನ ಐದೂವರೆ. ಹರಿಹರದ ಬಸ್ ನಿಲ್ದಾಣದಲ್ಲಿ ಕರಿಯಣ್ಣ ನಿಂತಲ್ಲಿ ನಿಲ್ಲುತ್ತಿಲ್ಲ. ದಾವಣಗೆರೆ ಬಸ್ಸು ಬಂತೇ ಎಂದು ಹತ್ತು ಸಲ ಇಣುಕಿದ್ದಾರೆ, ಜೇಬಿನ ನಿಂಬೆಹಣ್ಣನ್ನು ಇಪ್ಪತ್ತು ಸಲ ಮುಟ್ಟಿಕೊಂಡಿದ್ದಾರೆ.

"ಇವತ್ತು ಹೇಳಿಬಿಡ್ತೀನ್ರಿ. ಹೊಟ್ಟೇಲಿ ಇಟ್ಕಂಡು ಸಾಕಾಗೈತೆ."

ದಾವಣಗೆರೆಯ ಕಾಲೇಜೊಂದರ ಭೂವಿಜ್ಞಾನ ಲ್ಯಾಬಿಗೆ ಇಪ್ಪತ್ತೆರಡು ವರ್ಷದಿಂದ ಅಟೆಂಡರ್ ಇವರು. ದಿನವೂ ನಾನೂರ ಹನ್ನೆರಡು ಕಲ್ಲುಗಳ ಧೂಳು ಒರೆಸಬೇಕು. ಓದಿದ್ದು ನಾಲ್ಕನೇ ಕ್ಲಾಸಾದರೂ ಕಣ್ಣು ಮುಚ್ಚಿ ಕೈಗಿಟ್ಟರೆ ಯಾವ ಕಲ್ಲೆಂದು ಹೇಳಿಯಾರು! ಇಂಥ ಮನುಷ್ಯ ಐದು ವರ್ಷದಿಂದ ಒಂದು ಕಲ್ಲಿಗೆ ಹೆದರಿ ಬದುಕಿದ್ದಾರೆ ಎಂದರೆ ಯಾರು ನಂಬಬೇಕು?

ಅದು ಸ್ಫಟಿಕದ ಗೊಂಚಲು, ಹವ್ಯಾಸಿ ಸಂಗ್ರಾಹಕರೊಬ್ಬರು ಕಳಿಸಿಕೊಟ್ಟದ್ದು. ತೊಂಬತ್ತಮೂರರ ಆಯುಧಪೂಜೆಯ ದಿನ ಪೆಟ್ಟಿಗೆ ಬಿಚ್ಚಿದವರೂ ಕರಿಯಣ್ಣ, ಅದು ಬೆಳ್ಳಗಿದ್ದುದನ್ನು ನೋಡಿದವರೂ ಅವರೊಬ್ಬರೇ. ಅವರೇ ಕಲ್ಲುಗಳಿಗೆ ಆರತಿ ಎತ್ತುವಾಗ ತಟ್ಟೆ ವಾಲಿ, ಅರಿಶಿನ-ಸುಣ್ಣದ ಕೆಂಪು ನೀರು ಬಿರುಕಿಗೆಲ್ಲ ಇಳಿಯಿತು. ವಾರದೊಳಗೆ ತಪಾಸಣೆಗೆ ಬಂದ ಸಾಹೇಬರು ಗಾಜಿನಾಚೆಯಿಂದಲೇ ನೋಡಿ, ಈ ಕೆಂಪು ಕಬ್ಬಿಣದ ಅಂಶದ್ದು ಎಂದು ಚೀಟಿ ಬರೆಸಿ ಹೋದರು. ಕಲ್ಲು ಕೆಂಪಾಗುವುದು ಬಹುಪಾಲು ಹಾಗೆಯೇ ಬಿಡಿ. ಗುಟ್ಟು ಬಯಲಾದರೆ ಕೆಲಸ ಹೋದೀತೆಂಬ ಭಯಕ್ಕೆ ಕರಿಯಣ್ಣ ಬಣ್ಣ ಮಾಸಿದಾಗಲೆಲ್ಲ ಇದೇ ಬಸ್ಸಿನಲ್ಲಿ ಬಂದು, ಯಾರೂ ಕಾಣದಂತೆ ಆರತಿ ನೀರಿನ ಹನಿ ಬಿಡತೊಡಗಿದರು.

ಈ ವರ್ಷ ಮಗಳು ಭಾಗ್ಯಲಕ್ಷ್ಮಿ ಅದೇ ಕಾಲೇಜಿನ ಭೂವಿಜ್ಞಾನ ಕ್ಲಾಸಿಗೆ ಸೇರಿದ್ದಾಳೆ. ಅಪ್ಪನಿಗೂ ತಿಳಿಯಲೆಂದು ನಿನ್ನೆ ಆ ಕಲ್ಲಿನ ನೋಟ್ಸನ್ನು ಕನ್ನಡದಲ್ಲಿ ಹೇಳಿದಳು: "ಬಣ್ಣ ಕೆಂಪು. ಕಾರಣ ಕಬ್ಬಿಣ."

"ನನ್ನ ಸುಳ್ಳನ್ನ ನನ್ನ ಮಗಳೇ ಕಲೀತಾಳಲ್ರಿ," ಎನ್ನುತ್ತಾರೆ ಕರಿಯಣ್ಣ.

ಎಂಟರ ಕ್ಲಾಸು. ಉಪನ್ಯಾಸಕ ಮುರುಗೇಶಪ್ಪ ಹಾಜರಿ ಮುಗಿಸುವುದಕ್ಕೂ ಬಿಡದೆ ಕರಿಯಣ್ಣ ಕಲ್ಲನ್ನು ಮೇಜಿನ ಮೇಲಿಟ್ಟು ನಿಂಬೆಹಣ್ಣು ಹಿಂಡುತ್ತಾರೆ. ನೋಡನೋಡುತ್ತ ಕೆಂಪು ಹಳದಿಯಾಗುತ್ತದೆ.

"ಕಬ್ಬಿಣ ಆಗಿದ್ರೆ ನಿಂಬೆಹುಳಿಗೆ ಹಿಂಗೆ ಅರಿಶಿನ ಆಗ್ತಿರಲಿಲ್ಲ ಸರ್. ಇದು ನನ್ನ ಆರತಿ ನೀರು." ಎಲ್ಲವನ್ನೂ ಹೇಳಿಬಿಡುತ್ತಾರೆ.

ಮುರುಗೇಶಪ್ಪನವರ ಮುಖ ಕೆಂಪೇರುತ್ತದೆ. "ಐದು ವರ್ಷ ಪರೀಕ್ಷೆಗೆ ಇದನ್ನೇ ಇಟ್ಟೀನಲ್ಲೋ ಕರಿಯಣ್ಣ! ಪ್ರಿನ್ಸಿಪಾಲರಿಗೆ ಹೇಳಬೇಕಾಗ್ತೈತೆ."

"ಹೇಳ್ರಿ ಸರ್."

ಪ್ರಿನ್ಸಿಪಾಲರ ತೀರ್ಮಾನ ಇನ್ನೂ ಬಂದಿಲ್ಲ. ಕರಿಯಣ್ಣ ನಲ್ಲಿಯ ಕೆಳಗೆ ಕಲ್ಲು ತೊಳೆಯುತ್ತಿದ್ದಾರೆ.

"ಕೆಲಸ ಉಳೀತೈತೋ ಇಲ್ಲೋ ಗೊತ್ತಿಲ್ರಿ. ಮಗಳು ನೋಟ್ಸಿನಾಗ ಕಬ್ಬಿಣ ಅಂದಿದ್ದನ್ನ ಹೊಡೆದುಹಾಕಿ, ಕಾರಣ ನಮ್ಮಪ್ಪ ಅಂತ ಬರದಾಳೆ. ಬ್ಯಾಡ ಅನ್ನಲಿಲ್ಲ ನಾನು. ಖರೇನೇ ಬರದಾಳಲ್ರಿ."