ದೋಣಿ ಮುಳುಗಲೆಂದು ಪ್ರಾರ್ಥನೆ

ಕೂಳೂರು ಸೇತುವೆಯ ಹತ್ತಿರ ಹೊಳೆಬದಿಯಲ್ಲಿ ಸಿಸ್ಟರ್‌ಗಳು ನಡೆಸುವ ಒಂದು ಮಿಶನ್ ಇದೆ. ಅವರ ಹಳೆಯ ಮರದ ದೋಣಿ ಶೆಡ್ಡಿನ ಹಿಂದೆ ಕವುಚಿ ಬಿದ್ದು, ಅದರ ಕೆಳಗೆ ಕೋಳಿಗಳು ಸಂಸಾರ ಹೂಡಿ ವರ್ಷಗಳಾಗಿದ್ದವು. ಗಲ್ಫಿನ ಹಡಗುಕಟ್ಟೆಯಲ್ಲಿ ದುಡಿದು ಊರಿಗೆ ಬಂದು ಸುಮ್ಮನೆ ಕೂತಿದ್ದ ನನ್ನನ್ನು ಮಿಶನ್ನಿನ ದೊಡ್ಡ ಸಿಸ್ಟರ್ ಕರೆಸಿ, ಅದನ್ನು ಸರಿಮಾಡಿಕೊಡಬೇಕು ಎಂದರು. ನನಗಿಂತ ನನ್ನ ಹೆಂಡತಿಗೇ ಹೆಚ್ಚು ಖುಷಿಯಾಯಿತು. ಹಗಲಿಡೀ ನಾನು ಮನೆಯಲ್ಲಿರುವುದು ತಪ್ಪಿತಲ್ಲ.

ಕೆಲಸದ ಅವಸರಕ್ಕೆ ಕಾರಣ ಒಬ್ಬರು ಬಾಯಮ್ಮ. ಹೊಳೆಯ ನಡುವಿನ ಕುದ್ರುವಿನಲ್ಲಿ ಮಗನೊಂದಿಗಿರುವ ಈ ಅಜ್ಜಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಮೀನು ಹಿಡಿಯುವ ಸಣ್ಣ ದೋಣಿಗೆ ಹತ್ತಲು ಆಗುತ್ತಿರಲಿಲ್ಲ. ಇಗರ್ಜಿಯ ಮುಖ ನೋಡದೆ ದೇವಮಾತೆಯ ಎಷ್ಟೋ ಮೊಂತಿ ಹಬ್ಬಗಳು ಕಳೆದಿದ್ದವು. ಈ ಸಲದ ಹಬ್ಬಕ್ಕೆ ಕರೆದುಕೊಂಡು ಹೋಗುತ್ತೇವೆ ಎಂದು ದೊಡ್ಡ ಸಿಸ್ಟರ್ ಮಾತು ಕೊಟ್ಟುಬಿಟ್ಟಿದ್ದರು. ಮಾತು ಅವರದು, ಬೆವರು ನನ್ನದು.

ಕೋಳಿಗಳನ್ನು ಒಕ್ಕಲೆಬ್ಬಿಸಿ, ಕೊಳೆತ ಹಲಗೆ ಬದಲಿಸಿ, ಸಂದಿಗಳಿಗೆ ಹತ್ತಿ ತುಂಬಿ ಎಣ್ಣೆ ಹಚ್ಚಿದೆ. ಆದರೆ ಒಣಗಿದ ಮರದ ದೋಣಿಯನ್ನು ಸೀದಾ ಓಡಿಸುವಂತಿಲ್ಲ. ಕಲ್ಲು ಹೇರಿ ಕೆಲವು ದಿನ ದಡದ ಹತ್ತಿರವೇ ಮುಳುಗಿಸಿಡಬೇಕು. ಹಲಗೆ ನೀರು ಕುಡಿದು ಉಬ್ಬಿದರೆ ಸಂದಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ನಾನು ಹಾಗೆಯೇ ಮುಳುಗಿಸಿ, ತೆಂಗಿನ ಮರಕ್ಕೆ ಹಗ್ಗ ಕಟ್ಟಿ, ನೆಂಟರ ಮದುವೆಗೆಂದು ತೊಕ್ಕೊಟ್ಟಿಗೆ ಹೋದೆ. ಹೊಳೆಬದಿಯಲ್ಲೇ ಇರುವವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕೇ? ದೊಡ್ಡ ಸಿಸ್ಟರ್ ಘಟ್ಟದ ಮೇಲಿನವರು ಎಂಬುದು ಮದುವೆಯೂಟದ ಗದ್ದಲದಲ್ಲಿ ನೆನಪಾಗುವ ಸಂಗತಿಯಲ್ಲ.

ಮರುದಿನ ಬಂದು ನೋಡಿದರೆ ದೋಣಿ ದಡದ ಮೇಲೆ, ಬಿಸಿಲಿನಲ್ಲಿ. ಸಾಲದ್ದಕ್ಕೆ ಪಕ್ಕದಲ್ಲೊಂದು ಟೇಬಲ್ ಫ್ಯಾನು. ಮುಳುಗಿದ ದೋಣಿ ಕಂಡು ಸಿಸ್ಟರ್‌ಗಳು ಗಾಬರಿಯಿಂದ ಜಪಸರ ಹಿಡಿದು ಕೂತರಂತೆ. ಇಗರ್ಜಿಯ ಗಂಡಸರು ಬಂದು ಎಳೆದು ಹಾಕಿದರಂತೆ. ದೇವರು ದೊಡ್ಡವನು ಎಂದು ನನಗೂ ಒಂದು ಲೋಟ ಪಾಯಸ ಬಂತು. ನನ್ನ ಪಿತ್ತ ನೆತ್ತಿಗೇರಿತು. ಹಬ್ಬಕ್ಕೆ ಉಳಿದದ್ದು ಎರಡೇ ದಿನ. ಪಾಯಸ ಕುಡಿದು ಮುಗಿಸಿಯೇ ಬೈದೆ.

ವಿಷಯ ತಿಳಿದ ಮೇಲೆ ದೋಣಿಯನ್ನು ಮತ್ತೆ ಹೊಳೆಗೆ ತಳ್ಳಿದೆವು, ದೊಡ್ಡ ಸಿಸ್ಟರ್ ತಾವೇ ಬಕೆಟ್ ಹಿಡಿದು ಅದಕ್ಕೆ ನೀರು ತುಂಬಿದರು. ಅದು ಮತ್ತೆ ಮುಳುಗಿತು. ಸಂಜೆ ಪ್ರಾರ್ಥನೆಯಲ್ಲಿ ಎಂತ ಬೇಡಿದ್ರಿ ಎಂದು ಕೇಳಿದ್ದಕ್ಕೆ, ದೋಣಿ ಚೆನ್ನಾಗಿ ಮುಳುಗಿರಲಿ ಎಂದು, ಅಂದರು. ನಿನ್ನೆಯ ಬೇಡಿಕೆಗೂ ಇವತ್ತಿನದಕ್ಕೂ ತಾಳೆ ಹಾಕಿ ದೇವರಿಗೇ ತಲೆಬಿಸಿಯಾಗಿರಬೇಕು.

ಹಬ್ಬದ ಬೆಳಿಗ್ಗೆ ಬಾಯಮ್ಮನನ್ನು ಪ್ಲಾಸ್ಟಿಕ್ ಕುರ್ಚಿ ಸಮೇತ ಎತ್ತಿ ದೋಣಿಯಲ್ಲಿ ಕೂರಿಸಿದೆವು. ಹೊಸ ಸೀರೆ, ಹೊಸ ಚಪ್ಪಲಿ. ಅರ್ಧ ಹೊಳೆ ದಾಟುವಷ್ಟರಲ್ಲಿ ಸಂದಿಯಿಂದ ನೀರು ಜಿನುಗಿ ಅವರ ಪಾದ ಮುಟ್ಟಿತು. ಅಪಾಯವೇನೂ ಇರಲಿಲ್ಲ. ಆದರೆ ನನಗೆ ನಾಚಿಕೆಯಲ್ಲಿ ಹೊಳೆಗೇ ಹಾರಿಬಿಡುವ ಹಾಗಾಯಿತು. ದೊಡ್ಡ ಸಿಸ್ಟರ್ ಗಡಿಬಿಡಿಯಿಂದ ಚೊಂಬಿನಲ್ಲಿ ನೀರು ಮೊಗೆದು ಹೊರಗೆ ಚೆಲ್ಲತೊಡಗಿದರು. ಬಾಯಮ್ಮ ಅವರ ಕೈ ಹಿಡಿದು ನಿಲ್ಲಿಸಿದರು.

"ಸ್ವಲ್ಪ ಇರ್ಲಿ ಸಿಸ್ಟರ್. ಹೊಳೆ ನಡುವಲ್ಲೇ ಇದ್ದೇನೆ, ಆದ್ರೆ ಬಿದ್ದ ಮೇಲೆ ನನ್ನ ಕಾಲಿಗೆ ಹೊಳೆ ನೀರು ತಾಗ್ಲೇ ಇಲ್ಲ."

ಚಪ್ಪಲಿ ಕಳಚಿ ಎರಡೂ ಪಾದಗಳನ್ನು ಆ ನೀರಿನಲ್ಲಿ ಇಟ್ಟುಕೊಂಡರು. ನನಗೆ ಅಳು ಬಂತು. ದೊಡ್ಡ ಸಿಸ್ಟರ್ ಚೊಂಬು ಬದಿಗಿಟ್ಟರು. ಇಗರ್ಜಿಯ ಗಂಟೆ ಆಗಲೇ ಬಾರಿಸುತ್ತಿತ್ತು. ಆದರೂ ನಾನು ಹುಟ್ಟು ನಿಧಾನಕ್ಕೇ ಹಾಕಿದೆ.