ಉಳಿಸಿದ ಬಲಭಾಗ

ತೊಂಬತ್ತರ ದಶಕದ ಕೊನೆಯಲ್ಲಿ ನನ್ನ ಥೈರಾಯ್ಡ್ ಗ್ರಂಥಿಯ ಎಡಭಾಗದಲ್ಲಿ ಸಣ್ಣ ಕ್ಯಾನ್ಸರ್ ಗಂಟು ಸಿಕ್ಕಿ, ಆ ಭಾಗವನ್ನಷ್ಟೇ ಆಪರೇಷನ್ ಮಾಡಿ ತೆಗೆದಿದ್ದರು. ಬಲಭಾಗ ಚೆನ್ನಾಗಿದೆ, ಇರಲಿ ಅಂತ ಬಿಟ್ಟಿದ್ದರು. ನಾನು ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿದ್ದೆ. ಒಂದು ತಿಂಗಳು ರಜೆ ಹಾಕಿ ಮತ್ತೆ ಕೆಲಸಕ್ಕೆ ಹೋದೆ.

ಎರಡು ವರ್ಷದ ಮೇಲೆ, ಒಂದು ನೆಗಡಿ ಬಂದು ಹೋದ ಬೆನ್ನಲ್ಲೇ, ಆ ಬಲಭಾಗ ನೋಯತೊಡಗಿತು. ಎಂಜಲು ನುಂಗಿದರೂ ನೋವು ಕಿವಿಯವರೆಗೆ ಏರುತ್ತಿತ್ತು. ಮುಟ್ಟಿ ನೋಡಿದೆ. ಗಟ್ಟಿಯಾಗಿ ಊದಿಕೊಂಡಿತ್ತು. ಮತ್ತೆ ಬಂತು ಅಂದುಕೊಂಡೆ. ಅಳು ಬರಲಿಲ್ಲ. ತಿದ್ದಬೇಕಾದ ಪೇಪರುಗಳಿದ್ದವು, ತಿದ್ದಿದೆ. ಒಂಬತ್ತು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಹೇಳುವುದಕ್ಕೆ ಮನಸ್ಸೇ ಏಳಲಿಲ್ಲ.

ಕಂಡುಹಿಡಿದವರು ಅತ್ತೆ. ಬೆಳಿಗ್ಗೆ ನಾನು ಅವರಿಗೆ ಕಾಫಿ ಕೊಡುವಾಗ ಲೋಟ ಬಟ್ಟಲಿಗೆ ತಾಗಿ ಕಟಕಟ ಅಂದಿತು.

"ಕೈ ಯಾಕಮ್ಮ ಹೀಗೆ ನಡುಗ್ತಿದೆ?"

"ಏನಿಲ್ಲ."

ಅವರು ನನ್ನ ಸೆರಗು ಸರಿಸಿ ಕತ್ತು ನೋಡಿದರು. "ಎಷ್ಟು ದಿನ ಆಯ್ತು?"

"ಒಂಬತ್ತು."

ಬೈಯಲಿಲ್ಲ. ಸ್ಟವ್ ಆರಿಸಿ, ಸೀರೆ ಬದಲಾಯಿಸಿಕೊಂಡು ಬಂದರು. ನನ್ನ ಗಂಡ ಬ್ಯಾಂಕಿನ ಟ್ರೈನಿಂಗಿಗೆ ಅಂತ ಬೇರೆ ಊರಿಗೆ ಹೋಗಿದ್ದರು. ನಾವಿಬ್ಬರೇ ಆಟೋ ಹತ್ತಿದೆವು.

ಆಪರೇಷನ್ ಮಾಡಿದ್ದ ಡಾಕ್ಟರೇ ನೋಡಿದರು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಆದವು, ಗ್ರಂಥಿಗೆ ಸೂಜಿ ಚುಚ್ಚಿಯೂ ಸ್ಯಾಂಪಲ್ ತೆಗೆದರು. ರಿಪೋರ್ಟು ಬರಲು ಐದು ದಿನ. ಅಷ್ಟೂ ದಿನ ಅತ್ತೆ ಗವಿಪುರದ ಗುಡಿಗೆ ನಡೆದುಕೊಂಡು ಹೋಗಿಬಂದರು. ನಾನು ಶಾಲೆಗೆ ಹೋಗಿಬಂದೆ.

"ಕ್ಯಾನ್ಸರ್ ಅಲ್ಲಮ್ಮ," ಅಂದರು ಡಾಕ್ಟರು. "ಉಳಿದಿರೋ ಭಾಗಕ್ಕೆ ಉರಿಯೂತ ಆಗಿದೆ. ನೆಗಡಿ ಆದ್ಮೇಲೆ ಕೆಲವರಿಗೆ ಹೀಗಾಗತ್ತೆ. ಅದರೊಳಗಿನ ಹಾರ್ಮೋನು ಜಾಸ್ತಿ ಸೋರಿ ರಕ್ತಕ್ಕೆ ಸೇರ್ತಿದೆ, ಅದಕ್ಕೇ ಕೈ ನಡುಕ. ಮಾತ್ರೆ ಕೊಡ್ತೀನಿ, ಇಳಿಯತ್ತೆ."

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ನಾನು, "ಮಧ್ಯಾಹ್ನ ಕ್ಲಾಸಿದೆ, ಹೋಗಬಹುದಾ?" ಅಂತ ಕೇಳಿದೆ. ಡಾಕ್ಟರು ಮಾತ್ರೆ ಚೀಟಿ ಬರೆಯುತ್ತಾ, "ಇವತ್ತು ಬೇಡ," ಅಂದರು.

ಮನೆಗೆ ಬಂದು ಅತ್ತೆ ಮೊಸರನ್ನ ಮೆತ್ತಗೆ ಕಲಸಿ ತಟ್ಟೆಗೆ ಹಾಕಿದರು. "ನಿಂಗೆ ಸಮಾಧಾನ ಆಗ್ಲಿಲ್ವೇನಮ್ಮ?"

"ಗೊತ್ತಾಗ್ತಿಲ್ಲ ಅತ್ತೆ."

"ಆಗ್ಲಿ, ಊಟ ಮಾಡು."

ಊತ ಇಳಿಯಲು ಆರು ವಾರ ಹಿಡಿಯಿತು. ಆಮೇಲೆ ಗ್ರಂಥಿಯ ಕೆಲಸ ನಿಧಾನವಾಯಿತು. ಮೈ ಭಾರ, ಯಾವಾಗಲೂ ಚಳಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಶುರುವಾಯಿತು, ಅದು ಈಗಲೂ ಇದೆ. ಕ್ಯಾನ್ಸರ್ ಮತ್ತೆ ಬರಲಿಲ್ಲ. ಆ ವರ್ಷ ಹತ್ತನೇ ಕ್ಲಾಸಿನ ಮಕ್ಕಳ ಜೊತೆ ತೆಗೆಸಿದ ಫೋಟೋ ಮನೆಯಲ್ಲಿದೆ. ಮಕ್ಕಳೆಲ್ಲ ನಗುತ್ತಿದ್ದಾರೆ. ಮಧ್ಯದ ಕುರ್ಚಿಯಲ್ಲಿ ನಾನು ಸುಮ್ಮನೆ ಕೂತಿದ್ದೇನೆ.